ಸೇವ್ ಮಾಡಿದ್ದೆಲ್ಲ ಉಳಿದೀತೇ?

ಒಂದು ಸಣ್ಣ ಲೆಕ್ಕ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಫೇಸ್‌ಬುಕ್ಕಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ "ಆಮೇಲೆ ನೋಡಿದ್ರಾಯ್ತು" ಅಂತ ಸೇವ್ ಮಾಡಿಟ್ಟ ಪೋಸ್ಟುಗಳು ಎಷ್ಟಿವೆ? ಅದರಲ್ಲಿ ಆಮೇಲೆ ನಿಜವಾಗಿ ತೆರೆದು ನೋಡಿದ್ದು ಎಷ್ಟು? ಮೊದಲ ಉತ್ತರ ನೂರರ ಲೆಕ್ಕದಲ್ಲಿದ್ದು, ಎರಡನೆಯದು ಬೆರಳೆಣಿಕೆಯಲ್ಲಿದ್ದರೆ ಗಾಬರಿ ಬೇಡ. ಇದು ಊರಿಗೆಲ್ಲ ಬಂದ ಜ್ವರ :-)

ಫೇಸ್‌ಬುಕ್ ಈ ಸೇವ್ ಗುಂಡಿ ಕೊಟ್ಟಿದ್ದು 2014ರಲ್ಲಿ. ಇನ್‌ಸ್ಟಾಗ್ರಾಮ್ 2016ರ ಕೊನೆಗೆ ಕೊಟ್ಟಿತು, ಮರುವರ್ಷ ಅವನ್ನು ವಿಂಗಡಿಸಿಡಲು ಬೇರೆ ಬೇರೆ ಡಬ್ಬಿಗಳನ್ನೂ ಕೊಟ್ಟಿತು. ಟ್ವಿಟರ್ (ಈಗಿನ ಎಕ್ಸ್) ಬುಕ್‌ಮಾರ್ಕ್ ತಂದಿದ್ದು 2018ರಲ್ಲಿ. ವಾಟ್ಸಾಪಿನಲ್ಲಿ ನಕ್ಷತ್ರ ಒತ್ತಿಡುವ ಅಭ್ಯಾಸವಂತೂ ಈಗ ನಮ್ಮ ಆಯನೂರಿನ ಬಸ್‌ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಬಸ್ಸಿಗೆ ಕಾಯುವವರಿಗೂ ಗೊತ್ತು. ಅಂದರೆ ಹತ್ತು ಹನ್ನೆರಡು ವರ್ಷದಿಂದ ನಾವು ಕೂಡಿಡ್ತಾನೇ ಇದೀವಿ. ಪ್ರಶ್ನೆ ಇಷ್ಟೇ: ಕೂಡಿಟ್ಟು ಏನು ಮಾಡಿದ್ವಿ?

ಮಲೆನಾಡಿನವರಿಗೆ ಕೂಡಿಡೋದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತೆ. ಆದರೆ ಮಿಡಿ ತಂದು ಮೂಲೆಯಲ್ಲಿ ಸುರಿದು "ಇಟ್ಟಿದೀನಿ" ಅಂದರೆ ನಾಲ್ಕು ದಿನಕ್ಕೆ ನಾರುತ್ತೆ. ನಮ್ಮ ಸೇವ್ ಮಾಡಿದ ಪೋಸ್ಟುಗಳು ಈ ಮೂಲೆಯಲ್ಲಿ ಸುರಿದ ಮಿಡಿಗಳು. ಉಪ್ಪು ಹಾಕುವ ಕೆಲಸ ಗುಂಡಿ ಒತ್ತಿದ ಮೇಲೆ ಶುರುವಾಗಬೇಕು, ನಾವು ಅಲ್ಲಿಗೇ ಮುಗೀತು ಅಂದುಕೊಳ್ತೀವಿ.

ಇನ್ನೊಂದು ವಿಷಯ. ಸೇವ್ ಮಾಡಿದಾಗ ನಮಗೆ ಸಿಗುವುದು ಬರಹವಲ್ಲ, ಬರಹ ಇರುವ ಮನೆಯ ವಿಳಾಸ. ಬರೆದವರು ಅಳಿಸಿದರೆ, ಖಾತೆ ಮುಚ್ಚಿದರೆ ನಮ್ಮ ಹತ್ತಿರ ಉಳಿಯೋದು ಖಾಲಿ ಚೌಕ. ಕೆಲವೊಮ್ಮೆ ಮನೆಯಲ್ಲ, ಊರೇ ಮುಳುಗುತ್ತೆ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ನಮ್ಮಲ್ಲಿ ಬಹಳ ಜನ ಬ್ಲಾಗುಗಳನ್ನು ಓದಲು ನಂಬಿಕೊಂಡಿದ್ದ ಗೂಗಲ್ ರೀಡರ್ ಅದಕ್ಕೂ ಮುಂಚೆ, 2013ರ ಜುಲೈನಲ್ಲೇ ಹೋಯ್ತು. ಬೆಂಗಳೂರಿನಲ್ಲೇ ಹುಟ್ಟಿ, 2020ರಲ್ಲಿ ಮೊದಲು ಕನ್ನಡದಲ್ಲೇ ಕಣ್ಣುಬಿಟ್ಟ 'ಕೂ' 2024ರ ಜುಲೈನಲ್ಲಿ ಬಾಗಿಲು ಹಾಕಿತು. "ಆಮೇಲೆ ಓದು" ಅನ್ನೋದನ್ನೇ ಕಸುಬು ಮಾಡಿಕೊಂಡು 2007ರಿಂದ ನಡೆದಿದ್ದ ಪಾಕೆಟ್ ಕೂಡ 2025ರ ಜುಲೈನಲ್ಲಿ ನಿಂತಿತು. ಆಮೇಲೆ ಓದೋಣ ಅಂದವರಿಗೆ ಆ 'ಆಮೇಲೆ' ಬರಲೇ ಇಲ್ಲ!

ಹಾಗಾದ್ರೆ ಸೇವ್ ಮಾಡೋದೇ ಬೇಡವೇ? ಅಯ್ಯೋ, ಹಾಗಲ್ಲ. ಆರಿಸಿ ಕೂಡಿಡೋದು ಕನ್ನಡದಲ್ಲಿ ಬಹಳ ಹಳೆಯ, ಬಹಳ ಮರ್ಯಾದೆಯ ಕೆಲಸ. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 13ನೇ ಶತಮಾನದಲ್ಲಿ, ಮಲ್ಲಿಕಾರ್ಜುನ ಅನ್ನೋ ಪುಣ್ಯಾತ್ಮ ತನಗಿಂತ ಹಿಂದಿನ ಕವಿಗಳ ಪದ್ಯಗಳನ್ನು ಆರಿಸಿ 'ಸೂಕ್ತಿಸುಧಾರ್ಣವ' ಮಾಡಿದ. ಸುಮ್ಮನೆ ಗುಡ್ಡೆ ಹಾಕಲಿಲ್ಲ. ಸಮುದ್ರ, ಪರ್ವತ, ನಗರ, ಋತು ಅಂತ ವರ್ಣನೆಗಳ ತಲೆಬರಹದಡಿ ಜೋಡಿಸಿದ. ಅವನ ಮಗ ಕೇಶಿರಾಜ 'ಶಬ್ದಮಣಿದರ್ಪಣ' ಬರೆದಾಗ ವ್ಯಾಕರಣದ ಸೂತ್ರಗಳಿಗೆ ಉದಾಹರಣೆಯಾಗಿ ಹಳೆಯ ಕವಿಗಳ ಸಾಲುಗಳನ್ನು ಬಳಸಿದ. ಅವನು ಹೆಸರಿಸುವ ಗಜಗ, ಗುಣವರ್ಮ, ಅಸಗರ ಕನ್ನಡ ಕಾವ್ಯಗಳು ಇವತ್ತು ನಮ್ಮ ಕೈಯಲ್ಲಿಲ್ಲ. ಅಪ್ಪ ಆರಿಸಿಟ್ಟ, ಮಗ ಆರಿಸಿದ್ದನ್ನು ಕೆಲಸಕ್ಕೆ ಹಚ್ಚಿದ. ಮೂಲ ಕಳೆದುಹೋದ ಮೇಲೂ ಹಳೆಯ ಕಾವ್ಯಗಳ ಚೂರುಪಾರು ನಮಗೆ ಸಿಕ್ಕಿರೋದು ಇಂಥವರ ದೆಸೆಯಿಂದ. ಕೆಲಸಕ್ಕೆ ಹಚ್ಚಿದ್ದು ಉಳಿಯುತ್ತೆ ಅನ್ನೋದು ಇಲ್ಲಿಂದ ನಾನು ತೆಗೆದುಕೊಳ್ಳುವ ಮೊದಲ ಪಾಠ.

ಎರಡನೇ ಪಾಠ ನಮ್ಮ ಜಿಲ್ಲೆಯದೇ. ಬಿ.ಎಲ್. ರೈಸ್ ಸಾಹೇಬರ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಶಿವಮೊಗ್ಗ ಜಿಲ್ಲೆಗೆ ಎರಡು ಸಂಪುಟ ಮೀಸಲು: 1902ರ ಏಳನೆಯದು, 1904ರ ಎಂಟನೆಯದು. ನಮ್ಮ ಶಿವಮೊಗ್ಗ ತಾಲ್ಲೂಕು ಏಳನೆಯದರಲ್ಲಿದೆ. ತೆಗೆದು ನೋಡಿ, ಪ್ರತಿ ಶಾಸನಕ್ಕೂ ತಾಲ್ಲೂಕು, ನಂಬರು, ಯಾವ ಹಳ್ಳಿ, ಕಲ್ಲು ನಿಂತಿರೋದು ಎಲ್ಲಿ ಎಂಬ ವಿವರ ಇರುತ್ತೆ. ನೂರಿಪ್ಪತ್ತು ವರ್ಷದ ನಂತರವೂ ಆ ಪುಸ್ತಕ ಹಿಡಿದು ಕಲ್ಲು ಹುಡುಕಿಕೊಂಡು ಹೊರಡಬಹುದು. ಈಗ ನಿಮ್ಮ ಫೋನಿನಲ್ಲಿ ಸೇವ್ ಆಗಿರುವ ವೀರಗಲ್ಲಿನ ಫೋಟೋ ತೆಗೀರಿ. "ನಮ್ಮ ಹೆಮ್ಮೆಯ ಪರಂಪರೆ" ಅಂತಿರುತ್ತೆ, ಕೆಳಗೆ ಮೂರು ಕೈಮುಗಿದ ಚಿತ್ರ ಇರುತ್ತೆ, ಊರಿನ ಹೆಸರು ಇರಲ್ಲ. ಹೆಮ್ಮೆ ಸರಿ, ಕಲ್ಲು ಎಲ್ಲಿದೆ ಮಾರಾಯ್ರೆ?

ಈ ಎರಡು ಪಾಠ ಇಟ್ಟುಕೊಂಡು ನನಗೆ ಹೊಳೆದ ಕೆಲವು ದಾರಿ ಹೇಳ್ತೀನಿ.

ಮೊದಲನೆಯದು, ಡಬ್ಬಿಗಳಿಗೆ ಇಡುವ ಹೆಸರು. 'ಕೃಷಿ', 'ಅಡುಗೆ', 'ಸಾಹಿತ್ಯ' ಅಂತ ಇಟ್ಟರೆ ಅದು ಗೋಡೌನು. ಬದಲಿಗೆ ಮಳೆ ನಕ್ಷತ್ರದ ಹೆಸರಿಡಿ. ತಮಾಷೆ ಅಲ್ಲ. ಒಂದೊಂದು ನಕ್ಷತ್ರ ಹದಿಮೂರು ಹದಿನಾಲ್ಕು ದಿನ. ಅಡಿಕೆ ಕೊಳೆರೋಗದ ಪೋಸ್ಟು ಜನವರಿಯಲ್ಲಿ ಕಣ್ಣಿಗೆ ಬಿದ್ದರೆ ಅದನ್ನ 'ಮೃಗಶಿರ' ಅನ್ನೋ ಡಬ್ಬಿಗೆ ಹಾಕಿ. ಜೂನ್ ಮೊದಲ ವಾರ ಕಳೆದು ಮೃಗಶಿರ ಹಿಡಿದಾಗ ಡಬ್ಬಿ ತೆಗೀರಿ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಅನ್ನೋ ಬೋರ್ಡೋ ಲೆಕ್ಕ ಆಗ ಬೇಕು. ದ್ರಾವಣದಲ್ಲಿ ಚಾಕು ಅದ್ದಿ, ಅದರ ಮೇಲೆ ಕೆಂಪು ಕೂತರೆ ಇನ್ನಷ್ಟು ಸುಣ್ಣ ಹಾಕಬೇಕು ಅನ್ನೋ ಉಪಾಯವೂ ಆಗಲೇ ಬೇಕು. ಅಡಿಕೆ ಕೊಳೆತ ಮೇಲೆ ಸಿಕ್ಕಿದರೆ ಏನು ಪ್ರಯೋಜನ? ಹುಡುಕುವ ವಿಷಯಕ್ಕಿಂತ ಬೇಕಾಗುವ ದಿನ ಮುಖ್ಯ.

ಎರಡನೆಯದು, ತಾರೀಖು. ದಿನಾ ಗ್ರೂಪಿಗೆ ಅಡಿಕೆ ಧಾರಣೆ ಬರುತ್ತಲ್ಲ, ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ, ಅದು ಸಂಜೆಗೆ ಹಳಸಿದ ಅನ್ನ. ತಾರೀಖಿಲ್ಲದೆ ತಿಂಗಳ ನಂತರ ಮತ್ತೆ ಓಡಾಡಿದರೆ ಅದನ್ನ ನಂಬಿ ಮಾರುವವನಿಗೂ ನಷ್ಟ, ತಡೆದು ಇಟ್ಟುಕೊಳ್ಳುವವನಿಗೂ ನಷ್ಟ. ಅದೇ ವಾರಕ್ಕೊಂದು ಧಾರಣೆಯನ್ನು ನಕ್ಷತ್ರ ಒತ್ತಿಟ್ಟು, ವರ್ಷದ ಕೊನೆಗೆ ಒಂದು ಹಾಳೆಯಲ್ಲಿ ಇಳಿಸಿ ನೋಡಿ. ಯಾವ ತಿಂಗಳು ಏರಿತು, ಯಾವ ತಿಂಗಳು ಇಳೀತು ಅಂತ ನಿಮ್ಮದೇ ಒಂದು ಪಂಚಾಂಗ ಆಗುತ್ತೆ. ಹಿಂದೆ ಮನೆಯ ಕಂಬಕ್ಕೆ ತಂತಿ ನೇತುಹಾಕಿ ಬಂದ ಕಾಗದ, ರಸೀದಿ ಎಲ್ಲ ಚುಚ್ಚಿಡ್ತಿದ್ದರು, ನೆನಪಿದೆಯಾ? ಮೇಲಿಂದ ಕೆಳಗೆ ತಾರೀಖು ತಾನಾಗೇ ಸಾಲಾಗಿ ಇರ್ತಿತ್ತು. ಅದೇ ತಂತಿ ಇದು.

ಮೂರನೆಯದು, ಪೋಸ್ಟಿನ ಕೆಳಗಿನದ್ದನ್ನೂ ನೋಡಿ. ಯಾರೋ ಕಳಲೆ ಪಲ್ಯದ ಅರ್ಧ ನಿಮಿಷದ ವಿಡಿಯೋ ಹಾಕಿರ್ತಾರೆ, ಲಕ್ಷಣವಾಗಿ ಹಾಡು ಬೇರೆ. ಕಳಲೆಯನ್ನು ಎರಡು ಮೂರು ದಿನ ನೀರಲ್ಲಿ ನೆನೆಸಿ ದಿನಾ ನೀರು ಬದಲಿಸಬೇಕು ಅನ್ನೋದು ಅದರಲ್ಲಿ ಇರಲ್ಲ. ಅದನ್ನು ಹೇಳೋದು ಕೆಳಗೆ ಪ್ರತಿಕ್ರಿಯೆ ಬರೆದ ಹೊಸನಗರದ ಕಡೆಯ ಯಾವುದೋ ಅಕ್ಕ. ಅಸಲಿ ಜ್ಞಾನ ಆ ಎರಡು ಸಾಲಿನದು. ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ, ಮಾಡಿ ನೋಡಿ, ನಿಮಗೆ ಹೇಗೆ ಬಂತು ಅಂತ ಮೂರನೇ ಸಾಲು ಸೇರಿಸಿ. ಆ ಮೂರನೇ ಸಾಲು ಬಿದ್ದ ಮೇಲೆ ಅದು ನಿಮ್ಮದೂ ಆಯ್ತು.

ನಾಲ್ಕನೆಯದು, ಹಂಚೋದು. ಫಾರ್ವರ್ಡ್ ಅಲ್ಲ, ಹಂಚೋದು. ಫಾರ್ವರ್ಡ್ ಅಂದರೆ ಕಸವನ್ನು ಪಕ್ಕದ ಮನೆ ಅಂಗಳಕ್ಕೆ ಗುಡಿಸೋದು. ಸೇವ್ ಮಾಡಿದ ಒಂದು ಒಳ್ಳೆಯ ಬರಹವನ್ನು ಭಾನುವಾರ ಮನೆಯ ಹಿರಿಯರಿಗೆ ಜೋರಾಗಿ ಓದಿ ಹೇಳಿ. ಕಣ್ಣು ಮಂಜಾದವರಿಗೆ ಫೋನಿನ ಅಕ್ಷರ ಎಲ್ಲಿ ಕಾಣಬೇಕು? ಓದುತ್ತಾ ಓದುತ್ತಾ ಅವರು ಬಾಯಿ ಹಾಕಿ, "ಹಂಗಲ್ಲ ಕಣೋ, ನಮ್ಮ ಕಾಲದಲ್ಲಿ..." ಅಂತ ಶುರು ಮಾಡ್ತಾರೆ. ಆಗ ಫೋನು ಕೆಳಗಿಟ್ಟು ರೆಕಾರ್ಡ್ ಒತ್ತಿ. ಸೇವ್ ಮಾಡಿದ ಪೋಸ್ಟಿನಿಂದ ಆಗಬಹುದಾದ ಅತ್ಯುತ್ತಮ ಉಪಯೋಗ ಇದೇ ಅಂತ ನನ್ನ ಅಭಿಪ್ರಾಯ. ಅದು ಯಾವ ಕಂಪನಿಯ ಸರ್ವರಿನಲ್ಲೂ ಇಲ್ಲದ ಇನ್ನೊಂದನ್ನು ಹೊರಗೆ ತರುತ್ತೆ.

ಕೊನೆಯದು, ನಮ್ಮ ನಿಮ್ಮಂಥ ಬರೆಯುವವರಿಗೆ ಬಹಳ ನೋವಿನದು. ಬರೆದವರ ಹೆಸರು. ಮೊದಲು ಫಾರ್ವರ್ಡ್ ಮೇಲುಗಳಲ್ಲಿ ಹೆಸರು ಕಳಚಿ ಬೀಳ್ತಿತ್ತು, ಈಗ ಸ್ಕ್ರೀನ್‌ಶಾಟಿನ ಅಂಚಿನಲ್ಲಿ ಕತ್ತರಿಸಿ ಹೋಗುತ್ತೆ. ಕೊನೆಗೆ "ಕೃಪೆ: ವಾಟ್ಸಾಪ್" ಅಂತ ಒಂದು ಸಾಲು. ವಾಟ್ಸಾಪ್ ಯಾವಾಗ ಕೂತು ಬರೀತಪ್ಪ? ಒಬ್ಬಾಕೆ ಮಕ್ಕಳನ್ನು ಮಲಗಿಸಿ ರಾತ್ರಿ ಹನ್ನೊಂದಕ್ಕೆ ಕೂತು ಬರೆದದ್ದು ಅನಾಥ ಆಗಿ ಊರೂರು ತಿರುಗಿ, ಕೊನೆಗೆ ಅವಳದೇ ಫೋನಿಗೆ ಬಂದು, "ಎಷ್ಟು ಚೆನ್ನಾಗಿದೆ, ಯಾರು ಬರೆದಿದ್ದೋ" ಅನ್ನಿಸಿಕೊಳ್ಳುತ್ತೆ. ಅವಳು "ನಾನೇ" ಅಂದರೆ ನಂಬುವವರು ಯಾರು? ಆದ್ದರಿಂದ ಸೇವ್ ಮಾಡುವಾಗ ಚಿತ್ರ ಹಿಡಿಯೋದಾದರೆ ಹೆಸರು, ತಾರೀಖು ಬರುವ ಹಾಗೆ ಹಿಡೀರಿ. ಎಲ್ಲಾದರೂ ಅಚ್ಚು ಹಾಕೋದಿದ್ದರೆ ಒಂದು ಮಾತು ಕೇಳಿ. ಬೇಡ ಅನ್ನುವವರು ಕಡಿಮೆ, ಕೇಳಿದ್ದಕ್ಕೇ ಖುಷಿಪಡುವವರು ಜಾಸ್ತಿ.

ಹೆಸರು ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಾಗಿಲ್ಲ. ಒಂದು ಪದ್ಯ ಯಾವ ಕವಿಯದು, ಯಾವ ಕಾವ್ಯದ್ದು ಅಂತ ವಾದ ಮಾಡಿಕೊಂಡೇ ನಮ್ಮ ವಿದ್ವಾಂಸರು ಎಷ್ಟು ವರ್ಷ ಕಳೆದಿದ್ದಾರೆ! ಓಲೆಗರಿಯ ಕಾಲದಲ್ಲಿ ಅದಕ್ಕೆ ಗೆದ್ದಲು, ಮಳೆ, ಬೆಂಕಿ ಕಾರಣ ಅನ್ನಬಹುದು. ನಮ್ಮ ಕಾಲದಲ್ಲಿ ಹೆಸರು ಅಳಿಸುತ್ತಿರೋದು ಗೆದ್ದಲಲ್ಲ, ನಮ್ಮ ಹೆಬ್ಬೆರಳು.

ಭದ್ರಾವತಿಯ ಕಾಗದದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಗಿದ್ದು, ಈಗ ನಿಂತಿದೆ. ಪತ್ರಿಕೆಗೆ ಬೇಕಾದ ಕಾಗದ ನಮ್ಮ ಜಿಲ್ಲೆಯಿಂದ ಹೋಗ್ತಿದ್ದ ಕಾಲದಲ್ಲಿ, ಇಷ್ಟವಾದ ಅಂಕಣವನ್ನು ಕತ್ತರಿಸಿ ಟ್ರಂಕಿನಲ್ಲಿ ಇಡುವವರು ಮನೆಗೊಬ್ಬರು ಇರ್ತಿದ್ದರು. ಕತ್ತರಿಸಬೇಕಾದರೆ ಕತ್ತರಿ ಹುಡುಕಬೇಕು, ಅಂಟು ಹಚ್ಚಬೇಕು. ಆ ಶ್ರಮವೇ ಯಾವುದನ್ನು ಇಡಬೇಕು ಅಂತ ತೀರ್ಮಾನ ಮಾಡ್ತಿತ್ತು. ಈಗ ಶ್ರಮ ಇಲ್ಲ, ಆದ್ದರಿಂದ ತೀರ್ಮಾನವೂ ಇಲ್ಲ. ಆ ತೀರ್ಮಾನವನ್ನು ನಾವೇ ವಾಪಸ್ಸು ತಂದುಕೊಳ್ಳಬೇಕು.

ನಾನು ಹೇಳೋದು ಇಷ್ಟೇ. ಈ ವಾರ ಹೊಸದಾಗಿ ಏನೂ ಸೇವ್ ಮಾಡಬೇಡಿ. ಇರೋದರಲ್ಲಿ ಹತ್ತು ತೆಗೀರಿ. ಒಂದನ್ನು ಮಾಡಿ ನೋಡಿ, ಒಂದನ್ನು ಯಾರಿಗಾದರೂ ಓದಿ ಹೇಳಿ, ಒಂದನ್ನು ಹೆಸರು ತಾರೀಖಿನ ಸಮೇತ ಪುಸ್ತಕಕ್ಕೆ ಇಳಿಸಿ, ಒಂದನ್ನು ಬರೆದವರಿಗೆ "ಎರಡು ವರ್ಷದ ಹಿಂದೆ ನೀವು ಬರೆದಿದ್ದು ಇವತ್ತು ಓದಿದೆ" ಅಂತ ಎರಡು ಸಾಲು ಕಳಿಸಿ. ಉಳಿದ ಆರು? ಧೈರ್ಯವಾಗಿ ಅಳಿಸಿ.

ನಿಮ್ಮ ಡಬ್ಬಿಯಲ್ಲಿ ಏನೇನಿದೆ, ಅದರಲ್ಲಿ ಯಾವುದನ್ನು ಕೆಲಸಕ್ಕೆ ಹಚ್ಚಿದಿರಿ? ಹೇಳಿ, ಕೇಳೋಕೆ ಕಾಯ್ತಿರ್ತೀನಿ.