ಕಬ್ಬಿನ ತೋಟದ ಮಣ್ಣನ್ನು ಓದುವವರು ಯಾರು?

ಕೆರಿಬಿಯನ್ ಸಮುದ್ರದ ಸೇಂಟ್ ಕ್ರಾಯ್ ದ್ವೀಪದಲ್ಲಿ 'ಲಿಟಲ್ ಪ್ರಿನ್ಸೆಸ್' ಎಂಬ ಹಳೆಯ ಕಬ್ಬಿನ ತೋಟವಿದೆ. ಈಗ ಅದು ನೇಚರ್ ಕನ್ಸರ್ವೆನ್ಸಿ ಎಂಬ ಅಮೆರಿಕದ ಪರಿಸರ ಸಂಸ್ಥೆಯ ಸ್ವತ್ತು. ಮರಗಳ ನಡುವಿನ ಪಾಳುಗೋಡೆಗಳನ್ನು ಗಮನಿಸದವರು ಅದನ್ನು ಕಾಡೆಂದೇ ತಿಳಿದಾರು.

1733ರಲ್ಲಿ ಡೆನ್ಮಾರ್ಕಿನ ಕಂಪನಿಯೊಂದು ಈ ದ್ವೀಪವನ್ನು ಫ್ರಾನ್ಸಿನಿಂದ ಕೊಂಡಿತು. ಆಫ್ರಿಕದಿಂದ ಹಿಡಿದು ತಂದ ಗುಲಾಮರು ಇಲ್ಲಿ ಕಾಡು ಕಡಿದು ಕಬ್ಬು ನೆಟ್ಟರು. ರಸ ಕುದಿಯುವ ಕೊಪ್ಪರಿಗೆಗಳ ಮುಂದೆ ಬೆಂದರು. ಕಟ್ಟಡಗಳಿಗೆ ಬೇಕಾದ ಹವಳದ ಕಲ್ಲನ್ನು ಕಡಲಿನಿಂದ ಕಿತ್ತು ತಂದವರೂ ಅವರೇ. ಸಾವಿರಾರು ಗುಲಾಮರು ಫ್ರೆಡರಿಕ್‌ಸ್ಟೆಡ್ ಕೋಟೆಯೆದುರು ನೆರೆದು ಪಟ್ಟುಹಿಡಿದಾಗ, 1848ರ ಜುಲೈ 3ರಂದು ಬಿಡುಗಡೆಯ ಘೋಷಣೆಯಾಯಿತು. 1917ರಲ್ಲಿ ಡೆನ್ಮಾರ್ಕ್ ತನ್ನ ದ್ವೀಪಗಳನ್ನು ಎರಡೂವರೆ ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರಿತು. ಆ ಮಾರಾಟದ ಕುರಿತು ಡೆನ್ಮಾರ್ಕಿನಲ್ಲಿ ನಡೆದ ಮತದಾನದಲ್ಲಿ ದ್ವೀಪವಾಸಿಗಳಿಗೆ ಮತವಿರಲಿಲ್ಲ.

ಆಡಳಿತದ ಕಾಗದಪತ್ರಗಳ ಬಹುಭಾಗವೂ ಹಡಗೇರಿ ಹೋಯಿತು. 2017ರಲ್ಲಿ ಡೆನ್ಮಾರ್ಕಿನ ರಾಷ್ಟ್ರೀಯ ಪತ್ರಾಗಾರವು ಸುಮಾರು 50 ಲಕ್ಷ ಪುಟಗಳನ್ನು ಅಂತರಜಾಲದಲ್ಲಿ ತೆರೆದಿಟ್ಟಿತು, ಒಳ್ಳೆಯದೇ. ಆದರೆ ಅವು ಹೆಚ್ಚಾಗಿ ಹಳೆಯ ಡ್ಯಾನಿಷ್ ಕೈಬರಹದಲ್ಲಿವೆ. ದ್ವೀಪದವರ ಆಡುಮಾತು ಇಂಗ್ಲಿಷ್. ಮೇಲಾಗಿ ಅವು ಒಡೆಯರ ಲೆಕ್ಕಗಳು: ಮನುಷ್ಯರೂ ಅಲ್ಲಿ ಆಸ್ತಿಯ ಪಟ್ಟಿಯಲ್ಲಿ ಸೇರಿದ್ದಾರೆ.

ಅದೇ 2017ರಲ್ಲಿ ಲಿಟಲ್ ಪ್ರಿನ್ಸೆಸ್‌ನ ಗುಲಾಮರ ಕೇರಿಯಲ್ಲಿ ಉತ್ಖನನ ಆರಂಭವಾಯಿತು. ಅಯಾನಾ ಫ್ಲೆವೆಲೆನ್, ಜಸ್ಟಿನ್ ಡನವಾಂಟ್ ಮೊದಲಾದ ಕಪ್ಪು ಜನಾಂಗದ ಪುರಾತತ್ತ್ವಜ್ಞರು ದ್ವೀಪದ ಎಳೆಯರ ಕೈಗೇ ಕರಣೆ, ಜರಡಿ ಕೊಟ್ಟು ಕಲಿಸಿದರು. ಒಡೆಯರು ಬರೆಯದೆ ಬಿಟ್ಟದ್ದನ್ನು ಇಂತಹ ಮಣ್ಣು ಹೇಳಬಲ್ಲದು: ಒಲೆಯ ಬೂದಿ, ಮೀನಿನ ಮುಳ್ಳು, ಮಡಕೆಯ ಚೂರು ಎಲ್ಲವೂ ಸಾಕ್ಷಿಗಳೇ.

ಪಳಗದ ಕೈಗಳು ಸಾಕ್ಷ್ಯವನ್ನು ಕೆಡಿಸುತ್ತವೆಂಬ ಆಕ್ಷೇಪ ಇಂತಹ ಕೆಲಸಕ್ಕೆ ಎಲ್ಲೆಡೆ ಇದ್ದದ್ದೇ. ಮಣ್ಣಿನ ಪದರಗಳ ಬಣ್ಣ, ಕಣ, ಗಡಸುತನಗಳನ್ನು ಗುರುತಿಸುವುದು ತಾಳ್ಮೆಯ ವಿದ್ಯೆ ನಿಜ, ಮಂತ್ರವಿದ್ಯೆಯಲ್ಲ. ಉತ್ತವರಿಗೆ ಅದು ಅರ್ಧ ತಿಳಿದೇ ಇರುತ್ತದೆ.

ಕಠಿಣ ಪ್ರಶ್ನೆ ಬೇರೆಯೇ ಇದೆ. ನೆಲ ಸಂಸ್ಥೆಯದು, ಅನುಮತಿಯೂ ಅದರದು. ಸಂರಕ್ಷಣೆಯೆಂದರೆ ಮರ, ಹಕ್ಕಿಗಳ ಎಣಿಕೆಯಷ್ಟೇ ಆದರೆ, ಆ ನೆಲವನ್ನು ಬೆವರಿನಿಂದ ರೂಪಿಸಿದವರು ಇನ್ನೊಮ್ಮೆ ಪಟ್ಟಿಯಿಂದ ಅಳಿಯುತ್ತಾರೆ. ಎಲ್ಲಿ ಅಗೆಯಬೇಕು, ಎಲ್ಲಿ ಅಗೆಯಬಾರದು, ದೊರೆತ ಚೂರುಗಳು ಯಾವ ಊರಿನ ಕಪಾಟಿನಲ್ಲಿರಬೇಕು ಎಂಬ ತೀರ್ಮಾನಗಳಲ್ಲಿಯೂ ದ್ವೀಪದ ಮಕ್ಕಳಿಗೆ ಮತವಿರಬೇಕು. 1916ರ ಆ ಮತದಾನದಲ್ಲಿ ಅವರ ಹಿರಿಯರಿಗೆ ಇಲ್ಲದಿದ್ದದ್ದು ಅದೇ.