ಲಿನಕ್ಸ್‌ನಲ್ಲಿ ಗೇಮ್ ಓಡುತ್ತೆ, ಆದರೆ ಯಾರ ಅಪ್ಪಣೆ ಮೇರೆಗೆ?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಮ್ಮನ ಮಗ ತನ್ನ ಲ್ಯಾಪ್‌ಟಾಪ್ ತಂದು ಮುಂದಿಟ್ಟ. ಡಿಗ್ರಿ ಎರಡನೇ ವರ್ಷದ ಹುಡುಗ. ಅಕ್ಕ ಬಳಸಿ ಬಿಟ್ಟ ಲ್ಯಾಪ್‌ಟಾಪ್, ಆನ್ ಮಾಡಿ ಕಾಫಿ ಕುಡಿದು ಬರಬಹುದು, ಅಷ್ಟು ನಿಧಾನ. ಹೊಸದು ಕೊಡಿಸುವ ಸ್ಥಿತಿ ಮನೆಯಲ್ಲಿಲ್ಲ. ಲಿನಕ್ಸ್ ಮಿಂಟ್ ಹಾಕಿಕೊಟ್ಟೆ. ಸಂಜೆ ಹೊತ್ತಿಗೆ ಅವನ ಹತ್ತಿರ ಇದ್ದ ಏಳು ಗೇಮ್‌ಗಳಲ್ಲಿ ಆರು ಓಡಿದವು. ಏಳನೆಯದು ಓಡಲಿಲ್ಲ. ಗೆಳೆಯರ ಜೊತೆ ದಿನಾ ರಾತ್ರಿ ಅವನು ಆಡೋದು ಅದೊಂದನ್ನೇ. "ಅಣ್ಣ, ಲಿನಕ್ಸ್‌ಗೆ ಅಷ್ಟು ತಾಕತ್ತಿಲ್ವಾ?" ಅಂದ. ತಾಕತ್ತಿದೆ ಕಣೋ, ಅಪ್ಪಣೆ ಇಲ್ಲ ಅಂದೆ. ನಂಬಲಿಲ್ಲ.

ಹೀಗೆ ಹಳೆಯ ಯಂತ್ರ ಹಿಡಿದು ನಿಂತವರು ಈಗ ಬಹಳ ಜನ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಸೆಕ್ಯುರಿಟಿ ವ್ಯವಸ್ಥೆ ಇರಬೇಕು, ಪ್ರೊಸೆಸರ್ ಕಂಪನಿಯ ಪಟ್ಟಿಯಲ್ಲಿರಬೇಕು. ಚೆನ್ನಾಗಿ ನಡೆಯುವ ಯಂತ್ರವನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಹಾಕೋಣ ಅನ್ನೋದು ಸಹಜ ಯೋಚನೆ. ಪಿಸಿ ಗೇಮ್‌ಗಳ ಅತಿ ದೊಡ್ಡ ಅಂಗಡಿ ಸ್ಟೀಮ್ ಪ್ರತಿ ತಿಂಗಳು ನಡೆಸುವ ಸಮೀಕ್ಷೆಯಲ್ಲಿ ಲಿನಕ್ಸ್ ಪಾಲು ಅದೇ ಅಕ್ಟೋಬರ್‌ನಲ್ಲಿ ಮೊದಲ ಬಾರಿ ಶೇ. 3 ದಾಟಿತು.

ಆದರೂ ಗೇಮ್ ಮಾರುವ ಆನ್‌ಲೈನ್ ಅಂಗಡಿಗಳಿಗೆ ಹೋದರೆ ಬಹಳಷ್ಟು ಹೊಸ ಗೇಮ್‌ಗಳ ಪಕ್ಕ ಕಾಣೋದು ವಿಂಡೋಸ್ ಗುರುತು ಮಾತ್ರ. ಎಪಿಕ್ ಗೇಮ್ಸ್ ಸ್ಟೋರ್ 2018ರ ಡಿಸೆಂಬರ್‌ನಲ್ಲಿ ಶುರುವಾಯಿತು, ಲಿನಕ್ಸ್‌ಗೆ ಅದರ ಅಧಿಕೃತ ಆ್ಯಪ್ ಬರಲೇ ಇಲ್ಲ. ಕಾಪಿ ರಕ್ಷಣೆಯ ಬೀಗ ಇಲ್ಲದೆ ಗೇಮ್ ಮಾರುತ್ತೇವೆ ಎಂದು ಹೆಸರು ಮಾಡಿದ ಜಿಒಜಿ 2014ರಿಂದ ಕೆಲವು ಗೇಮ್‌ಗಳ ಲಿನಕ್ಸ್ ಆವೃತ್ತಿ ಕೊಡುತ್ತಿದೆ. ಆದರೆ ಅದರ ಗ್ಯಾಲಕ್ಸಿ ಆ್ಯಪ್ ಬಂದಿದ್ದು ವಿಂಡೋಸ್ ಮತ್ತು ಮ್ಯಾಕ್‌ಗೆ. ಯಾಕೆ ಹೀಗೆ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಲಿನಕ್ಸ್ ಬಳಸೋರು ಎಷ್ಟು ಜನ ಇದ್ದಾರೆ ಸ್ವಾಮಿ?

ಈ ಉತ್ತರದ ಒಳಗೇನಿದೆ ಅಂತ ನೋಡಲು ರಾಕೆಟ್ ಲೀಗ್ ಒಂದು ಸಾಕು. ಕಾರು ಓಡಿಸಿಕೊಂಡು ಫುಟ್‌ಬಾಲ್ ಆಡುವ ಈ ಗೇಮ್ 2015ರಲ್ಲಿ ಬಂತು, ಮರುವರ್ಷ ಲಿನಕ್ಸ್ ಆವೃತ್ತಿಯೂ ಬಂತು. 2019ರಲ್ಲಿ ಅದನ್ನು ತಯಾರಿಸಿದ ಸೈಯಾನಿಕ್ಸ್ ಕಂಪನಿಯನ್ನು ಎಪಿಕ್ ಕೊಂಡುಕೊಂಡಿತು. 2020ರ ಮಾರ್ಚ್‌ನಲ್ಲಿ ಲಿನಕ್ಸ್ ಮತ್ತು ಮ್ಯಾಕ್ ಆವೃತ್ತಿಗಳಲ್ಲಿ ಆನ್‌ಲೈನ್ ಆಟ ಬಂದ್. ಎರಡೂ ಸೇರಿದರೂ ಸಕ್ರಿಯ ಆಟಗಾರರಲ್ಲಿ ಶೇ. 0.3ಕ್ಕಿಂತ ಕಡಿಮೆ ಅಂತ ಕಂಪನಿ ಕಾರಣ ಕೊಟ್ಟಿತು. ರಿಫಂಡ್ ಕೊಟ್ಟಿತು ಅನ್ನೋದನ್ನೂ ಹೇಳಬೇಕು. ಆದರೆ ಗಮನಿಸಿ, ಅಲ್ಲಿ ಲಿನಕ್ಸ್ ಆವೃತ್ತಿ ಇರಲಿಲ್ಲ ಅಂತಲ್ಲ. ಇತ್ತು, ಓಡುತ್ತಿತ್ತು, ಜನ ದುಡ್ಡು ಕೊಟ್ಟಿದ್ದರು. ಹೀಗೆ ಒಮ್ಮೆ ಕೈಸುಟ್ಟುಕೊಂಡವನು ಗೇಮ್ ಆಡೋಕೆ ವಿಂಡೋಸನ್ನೂ ಇಟ್ಟುಕೊಳ್ಳುತ್ತಾನೆ. ಆಮೇಲೆ ಲೆಕ್ಕದಲ್ಲಿ ಅವನು ವಿಂಡೋಸ್ ಗಿರಾಕಿ.

ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲೂ ಇದೇ ಆಗುತ್ತಿತ್ತು. ಲ್ಯಾಬ್‌ನಲ್ಲಿ ಲಿನಕ್ಸ್, ಹಾಸ್ಟೆಲ್‌ನಲ್ಲಿ ವಿಂಡೋಸ್. ಲ್ಯಾಪ್‌ಟಾಪ್ ಕೊಳ್ಳುವಾಗ ನಾಲ್ಕೈದು ಸಾವಿರ ಉಳಿಯುತ್ತೆ ಅಂತ ಡಾಸ್ ಇರುವ ಮಾಡೆಲ್ ತರೋದು, ಕೌಂಟರ್-ಸ್ಟ್ರೈಕ್ ಆಡಬೇಕಲ್ಲ ಅಂತ ಅದಕ್ಕೆ ವಿಂಡೋಸ್ ಹಾಕೋದು. ಆ ವಿಂಡೋಸ್‌ಗೆ ದುಡ್ಡು ಕೊಟ್ಟವರನ್ನು ನಾನಂತೂ ನೋಡಿಲ್ಲ, ಆ ಮಾತು ಬಿಡಿ.

ಗೇಮ್ ತಯಾರಿಸುವವರ ಕಷ್ಟವೂ ಸುಳ್ಳಲ್ಲ. ಲಿನಕ್ಸ್ ಅಂದರೆ ಉಬುಂಟು, ಫೆಡೋರಾ, ಆರ್ಚ್ ಹೀಗೆ ಹತ್ತಾರು. ಒಂದೊಂದರಲ್ಲಿ ಒಂದೊಂದು ಲೈಬ್ರರಿ, ಒಂದೊಂದು ವರ್ಷನ್. ಐದಾರು ಜನರ ಸ್ಟುಡಿಯೋ ಇದನ್ನೆಲ್ಲ ಟೆಸ್ಟ್ ಮಾಡುವುದು ತಮಾಷೆಯಲ್ಲ. ಲಿನಕ್ಸ್‌ನವರು ಕೊಡೋದು ಚಿಲ್ಲರೆ ಕಾಸು, ಹೇಳೋದು ರಾಶಿ ದೂರು ಎಂಬ ಮಾತು ಆ ವಲಯದಲ್ಲಿ ಹಳೆಯದು. ಇದಕ್ಕೆ ಡೆಲ್ಟಾ-ವಿ: ರಿಂಗ್ಸ್ ಆಫ್ ಸ್ಯಾಟರ್ನ್ ಎಂಬ ಸಣ್ಣ ಗೇಮ್‌ನ ಡೆವಲಪರ್ 2021ರಲ್ಲಿ ಲೆಕ್ಕ ಹಾಕಿ ಉತ್ತರ ಕೊಟ್ಟರು. ಮಾರಾಟದಲ್ಲಿ ಲಿನಕ್ಸ್ ಪಾಲು ಶೇ. 5.8, ಬಗ್ ರಿಪೋರ್ಟ್‌ಗಳಲ್ಲಿ ಶೇ. 38. ಕೇಳಿದರೆ ಗಾಬರಿಯಾಗುತ್ತೆ. ಆದರೆ ಆ ಸುಮಾರು 400 ರಿಪೋರ್ಟ್‌ಗಳಲ್ಲಿ ಲಿನಕ್ಸ್‌ನಲ್ಲಿ ಮಾತ್ರ ಇದ್ದ ದೋಷ ಮೂರೇ. ಉಳಿದವು ವಿಂಡೋಸ್‌ನವರಿಗೂ ಇದ್ದ ದೋಷಗಳು, ಅವರು ಹೇಳಿರಲಿಲ್ಲ. ಪುಕ್ಕಟೆ ಟೆಸ್ಟರ್‌ಗಳು ಸಿಕ್ಕರು ಅಂತ ಅವರಿಗೆ ಖುಷಿ. ಎಲ್ಲ ಸ್ಟುಡಿಯೋಗೂ ಇದೇ ಅನುಭವ ಆಗುತ್ತೆ ಅಂತ ನಾನು ಹೇಳಲ್ಲ, ಆದರೆ "ಬರೀ ತಲೆನೋವು" ಎಂಬ ಮಾತನ್ನು ಯಾರಾದರೂ ಹೇಳಿದರೆ ಲೆಕ್ಕ ತೋರಿಸಿ ಅಂತ ಕೇಳಬಹುದು.

ಹಾಗಾದರೆ ಆ ಹುಡುಗನ ಆರು ಗೇಮ್ ಹೇಗೆ ಓಡಿದವು? ಆರರಲ್ಲಿ ಐದಕ್ಕೆ ಲಿನಕ್ಸ್ ಆವೃತ್ತಿಯೇ ಇಲ್ಲ.

2012ರಲ್ಲಿ ವಿಂಡೋಸ್ 8 ಜೊತೆ ಮೈಕ್ರೋಸಾಫ್ಟ್ ತನ್ನದೇ ಆ್ಯಪ್ ಅಂಗಡಿ ತೆರೆಯಿತು. ಬೇರೆಯವರ ವಿಂಡೋಸ್ ಮೇಲೆ ಅಂಗಡಿ ಇಟ್ಟುಕೊಂಡಿದ್ದ ಸ್ಟೀಮ್‌ನ ಒಡೆಯ ವಾಲ್ವ್ ಕಂಪನಿಗೆ ದಿಗಿಲಾಯಿತು. ನಾಳೆ ಮನೆ ಮಾಲೀಕನೇ ಪಕ್ಕದಲ್ಲಿ ಅಂಗಡಿ ಹಾಕಿ ನಮ್ಮನ್ನು ಖಾಲಿ ಮಾಡಿ ಅಂದರೆ? ವಾಲ್ವ್ ಮುಖ್ಯಸ್ಥ ಗೇಬ್ ನ್ಯೂವೆಲ್ ವಿಂಡೋಸ್ 8 ಅನ್ನು ಬಹಿರಂಗವಾಗಿ ಅನಾಹುತ ಅಂತಲೇ ಕರೆದರು. 2013ರ ಫೆಬ್ರವರಿಯಲ್ಲಿ ಲಿನಕ್ಸ್‌ಗೆ ಸ್ಟೀಮ್ ಬಂತು. 2015ರಲ್ಲಿ ಲಿನಕ್ಸ್ ಹಾಕಿದ ಸ್ಟೀಮ್ ಮಷೀನ್‌ಗಳು ಬಂದವು, ಗೇಮ್‌ಗಳಿಲ್ಲದೆ ನೆಲಕಚ್ಚಿದವು. ಲಿನಕ್ಸ್‌ಗೆ ಗೇಮ್ ಬರೆಯಿರಿ ಅಂತ ಎಲ್ಲರ ಕಾಲು ಹಿಡಿಯೋದು ಆಗದ ಮಾತು ಅಂತ ಅರ್ಥವಾದ ಮೇಲೆ ವಾಲ್ವ್ ದಾರಿ ಬದಲಿಸಿತು. 1993ರಿಂದ ಸ್ವಯಂಸೇವಕರು ಕಟ್ಟುತ್ತಾ ಬಂದಿದ್ದ ವೈನ್ ಎಂಬ ಮುಕ್ತ ತಂತ್ರಾಂಶದ ಮೇಲೆ 2018ರಲ್ಲಿ ಪ್ರೋಟಾನ್ ತಂದಿತು. ವಿಂಡೋಸ್‌ಗೆ ಬರೆದ ಗೇಮ್ ಕೇಳುವುದನ್ನೆಲ್ಲ ಲಿನಕ್ಸ್‌ಗೆ ಅರ್ಥವಾಗುವ ಹಾಗೆ ಆಟ ನಡೆಯುವಾಗಲೇ ಮಾರ್ಪಡಿಸುವ ದುಭಾಷಿ ಅದು. ಡೈರೆಕ್ಟ್‌ಎಕ್ಸ್‌ನಲ್ಲಿ ಚಿತ್ರ ಬರೆಯಿರಿ ಅಂದರೆ ಅದನ್ನು ವಲ್ಕನ್‌ಗೆ ತಿರುಗಿಸುತ್ತದೆ. 2022ರಲ್ಲಿ ಬಂದ ಸ್ಟೀಮ್ ಡೆಕ್ ನಿಂತಿರುವುದು ಇದರ ಮೇಲೆಯೇ.

ಇದು ಎಷ್ಟು ಚೆನ್ನಾಗಿದೆ ಅಂದರೆ, ನಾನೇ ಎಷ್ಟೋ ಹಳೆಯ ಗೇಮ್‌ಗಳ ಲಿನಕ್ಸ್ ಆವೃತ್ತಿ ಬಿಟ್ಟು ವಿಂಡೋಸ್ ಆವೃತ್ತಿಯನ್ನು ಪ್ರೋಟಾನ್‌ನಲ್ಲಿ ಓಡಿಸುತ್ತೇನೆ. ಹತ್ತು ವರ್ಷದ ಹಿಂದಿನ ಲಿನಕ್ಸ್ ಪೋರ್ಟ್‌ಗಳನ್ನು ಕೇಳುವವರಿಲ್ಲದೆ ತುಕ್ಕು ಹಿಡಿದಿವೆ. ಹಾಗಾಗಿ ಸ್ಟುಡಿಯೋಗಳಿಗೆ ಈಗ ಒಳ್ಳೆಯ ನೆಪ ಸಿಕ್ಕಿದೆ: ಪ್ರೋಟಾನ್ ಇದೆಯಲ್ಲ, ಬೇರೆ ಆವೃತ್ತಿ ಯಾಕೆ? ಅನುಕೂಲ ನಿಜ. ಆದರೆ ಲಿನಕ್ಸ್‌ಗೆ ಅಂತ ಮಾರಿದ ಗೇಮ್ ಓಡದಿದ್ದರೆ ಮಾರಿದವನನ್ನು ಕೇಳಬಹುದಿತ್ತು. ಪ್ರೋಟಾನ್‌ನಲ್ಲಿ ಓಡುವ ಗೇಮ್ ನಾಳೆ ಓಡದಿದ್ದರೆ, ನಾವು ಲಿನಕ್ಸ್‌ಗೆ ಮಾರಿಯೇ ಇಲ್ಲವಲ್ಲ ಅಂತ ಅವನು ಕೈತೊಳೆದುಕೊಳ್ಳಬಹುದು.

ಹಾಗೇ ಆಯಿತು ಕೂಡ. 2024ರಲ್ಲಿ ಲೀಗ್ ಆಫ್ ಲೆಜೆಂಡ್ಸ್‌ಗೆ ವ್ಯಾನ್‌ಗಾರ್ಡ್ ಎಂಬ ಆ್ಯಂಟಿ-ಚೀಟ್ ಬಂತು, ಲಿನಕ್ಸ್‌ನವರು ಹೊರಬಿದ್ದರು. ಸೆಪ್ಟೆಂಬರ್‌ನಲ್ಲಿ ಜಿಟಿಎ ಆನ್‌ಲೈನ್‌ಗೆ ಬ್ಯಾಟಲ್‌ಐ ಬಂತು, ಅಲ್ಲೂ ಅದೇ ಕಥೆ. ಅಕ್ಟೋಬರ್ ಕೊನೆಗೆ ಎಪೆಕ್ಸ್ ಲೆಜೆಂಡ್ಸ್ ಲಿನಕ್ಸ್‌ಗೆ ಬಾಗಿಲು ಮುಚ್ಚಿತು. ಲಿನಕ್ಸ್‌ನ ಮುಕ್ತತೆಯೇ ಮೋಸಗಾರರಿಗೆ ಅನುಕೂಲ ಅಂತ ವಿವರಣೆ. ವಿಚಿತ್ರ ಏನೆಂದರೆ, ಬ್ಯಾಟಲ್‌ಐ ಮತ್ತು ಈಸಿ ಆ್ಯಂಟಿ-ಚೀಟ್ ಎರಡೂ 2021ರಲ್ಲೇ ಪ್ರೋಟಾನ್ ಬೆಂಬಲ ಘೋಷಿಸಿದ್ದವು. ಬೇಕೋ ಬೇಡವೋ ಅನ್ನೋದು ಗೇಮ್ ಕಂಪನಿಯ ನಿರ್ಧಾರ. ಈಸಿ ಆ್ಯಂಟಿ-ಚೀಟ್ ಎಪಿಕ್‌ನದ್ದೇ, ಆದರೆ ಎಪಿಕ್‌ನ ಫೋರ್ಟ್‌ನೈಟ್ ಲಿನಕ್ಸ್‌ಗೆ ಬರಲಿಲ್ಲ. ಆ್ಯಪಲ್, ಗೂಗಲ್ ಏಕಸ್ವಾಮ್ಯದ ವಿರುದ್ಧ ಕೋರ್ಟ್ ಹತ್ತಿದ ಅದೇ ಎಪಿಕ್ ಇದು. ಅದರ ಮುಖ್ಯಸ್ಥ ಟಿಮ್ ಸ್ವೀನಿ 2018ರಲ್ಲಿ ಲಿನಕ್ಸ್ ಹಾಕಿಕೊಳ್ಳುವುದನ್ನು ಅಮೆರಿಕದ ರಾಜಕೀಯ ಹಿಡಿಸಲಿಲ್ಲ ಅಂತ ಕೆನಡಾಕ್ಕೆ ಓಡಿಹೋಗುವುದಕ್ಕೆ ಹೋಲಿಸಿದ್ದರು. ಊರು ಬಿಡಬೇಡಿ, ಇದ್ದು ಹೋರಾಡಿ ಎಂಬ ಧಾಟಿ. ಹೋರಾಡುವ ಜಾಗದ ಬೀಗದ ಕೈ ಯಾರ ಸೊಂಟದಲ್ಲಿದೆ ಅನ್ನೋದನ್ನು ಮಾತ್ರ ಅವರು ಹೇಳಲಿಲ್ಲ.

ಆನ್‌ಲೈನ್ ಆಟದಲ್ಲಿ ಮೋಸ ದೊಡ್ಡ ಪಿಡುಗು, ಒಪ್ಪೋಣ. ಆದರೆ ವ್ಯಾನ್‌ಗಾರ್ಡ್‌ನಂಥವು ಕೂರುವುದು ಕರ್ನಲ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ಗರ್ಭಗುಡಿಯಲ್ಲಿ. ಅಲ್ಲಿ ಕೂತದ್ದಕ್ಕೆ ನಿಮ್ಮ ಯಂತ್ರದಲ್ಲಿ ಕಾಣದ್ದು ಯಾವುದೂ ಇಲ್ಲ. ಅಲ್ಲೊಂದು ತಪ್ಪು ನಡೆದರೆ ಏನಾಗುತ್ತೆ ಅಂತ 2024ರ ಜುಲೈ 19ರಂದು ನೋಡಿದ್ದೇವೆ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು, ವಿಮಾನಗಳು ನಿಂತವು. ಅಲ್ಲಿ ಭದ್ರತೆಯ ಕಾರಣವಾದರೂ ಇತ್ತು. ಶೂಟಿಂಗ್ ಗೇಮ್ ಒಂದು ಅಷ್ಟೇ ಆಳದ ಜಾಗ ಕೇಳುತ್ತಿದೆ, ಕೊಡದವರನ್ನು ಸಂಶಯದ ಪಟ್ಟಿಗೆ ಸೇರಿಸುತ್ತಿದೆ. ಆಧಾರ್, ಫೇಸ್ ರೆಕಗ್ನಿಷನ್ ಬಗ್ಗೆ ಇಷ್ಟೆಲ್ಲ ಜಗಳ ಆಡಿದ ನಾವು ಇದನ್ನು ಒಂದು ಕ್ಲಿಕ್‌ಗೆ ಒಪ್ಪುತ್ತೇವೆ.

ಎಲ್ಲ ಗೇಮ್‌ಗೂ ಲಿನಕ್ಸ್ ಆವೃತ್ತಿ ಕೊಡಿ ಅಂತ ಕಾನೂನು ಮಾಡಿ ಎಂಬುದು ನನ್ನ ಬೇಡಿಕೆ ಅಲ್ಲ, ಅದು ನಡೆಯುವ ಮಾತೂ ಅಲ್ಲ. ಸಣ್ಣವು ಕೆಲವು ಆಗಬಹುದು. ಡಿಜಿಟಲ್ ಸರಕು ಮಾರುವಾಗ ಕೊಡುತ್ತಿರುವುದು ಒಡೆತನ ಅಲ್ಲ, ಬರೀ ಲೈಸೆನ್ಸ್ ಅಂತ ಸ್ಪಷ್ಟವಾಗಿ ಹೇಳಬೇಕು ಎಂಬ ಕ್ಯಾಲಿಫೋರ್ನಿಯಾದ ಕಾನೂನು 2025ರ ಜನವರಿಯಿಂದ ಜಾರಿಯಲ್ಲಿದೆ. ಕರ್ನಲ್ ಮಟ್ಟದ ಆ್ಯಂಟಿ-ಚೀಟ್ ಇದ್ದರೆ ಗೇಮ್‌ನ ಪುಟದಲ್ಲೇ ತಿಳಿಸಬೇಕು ಅಂತ ಸ್ಟೀಮ್ 2024ರಲ್ಲಿ ನಿಯಮ ತಂದಿತು. 2024ರಲ್ಲಿ ಯೂಬಿಸಾಫ್ಟ್ 'ದಿ ಕ್ರೂ' ಗೇಮ್‌ನ ಸರ್ವರ್ ಮುಚ್ಚಿದಾಗ ಶುರುವಾದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಮಾರಿದ ಮೇಲೆ ಷರತ್ತು ಬದಲಿಸಿ ಗಿರಾಕಿಯನ್ನು ಹೊರಹಾಕಿದರೆ ದುಡ್ಡು ವಾಪಸ್ ಕೊಡಬೇಕು, ಎಷ್ಟು ಗಂಟೆ ಆಡಿದ್ದರೂ ಸರಿ ಎಂಬುದು ಇವುಗಳ ಮುಂದಿನ ಹೆಜ್ಜೆ. ರಾಕೆಟ್ ಲೀಗ್‌ನಲ್ಲಿ ಸಾಧ್ಯವಾಗಿದ್ದು ಬೇರೆ ಕಡೆ ಯಾಕಾಗಲ್ಲ? ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. ಚರ್ಚೆಯೆಲ್ಲ ದುಡ್ಡು ಕಟ್ಟಿ ಆಡುವ ಆಟಗಳ ಸುತ್ತ ನಡೆಯಿತು. ಅದು ಬೇಕಾದ ಚರ್ಚೆಯೇ. ದುಡ್ಡು ಕೊಟ್ಟು ಗೇಮ್ ಕೊಳ್ಳುವವನೂ ಗ್ರಾಹಕ ಅನ್ನೋದು ಮಾತ್ರ ಯಾರ ತಲೆಗೂ ಬಂದ ಹಾಗಿಲ್ಲ.

ಮೊನ್ನೆ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ಆ ಏಳನೇ ಗೇಮ್‌ಗೋಸ್ಕರ ಮತ್ತೆ ವಿಂಡೋಸ್ ಹಾಕಿಸಿಕೊಂಡನಂತೆ. "ಏನ್ ಮಾಡ್ಲಿ ಅಣ್ಣ, ಫ್ರೆಂಡ್ಸ್ ಎಲ್ಲ ಅಲ್ಲೇ ಇದಾರಲ್ಲ" ಅಂದ. ಬಯ್ಯೋಕೆ ಬಾಯಿ ಬರಲಿಲ್ಲ. ಮುಂದಿನ ಸಮೀಕ್ಷೆಯಲ್ಲಿ ಅವನನ್ನೂ ವಿಂಡೋಸ್ ಲೆಕ್ಕಕ್ಕೇ ಬರೆದುಕೊಳ್ಳುತ್ತಾರೆ.