ಕಣ್ಣಿನ ಹನಿಗೆ ಫೋನ್ ಕರೆ



ಗ್ಲಾಕೋಮಾ ಎಂಬ ಕಣ್ಣಿನ ರೋಗದಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ರಾತ್ರಿಯ ಹನಿ ಮರೆತರೆ ಬೆಳಿಗ್ಗೆ ಗೊತ್ತೂ ಆಗುವುದಿಲ್ಲ. ಕಣ್ಣಿನ ನರ ಮಾತ್ರ ಸವೆಯುತ್ತಲೇ ಇರುತ್ತದೆ. ಹೋದ ದೃಷ್ಟಿ ಮತ್ತೆ ಬಾರದು.

ಅಮೆರಿಕದ ಸಂಶೋಧಕರು ಹನಿ ಹಾಕಿದ ದಿನ, ಗಂಟೆ ದಾಖಲಿಸುವ ಪುಟ್ಟ ಸಾಧನವನ್ನು ರೋಗಿಗಳಿಗೆ ಕೊಟ್ಟರು. ಔಷಧ ಪುಕ್ಕಟೆ, ಲೆಕ್ಕ ಇಡುತ್ತಿರುವುದೂ ಅವರಿಗೆ ಗೊತ್ತಿತ್ತು. ಆದರೂ 2009ರ ವರದಿಯಂತೆ ಹಾಕಬೇಕಿದ್ದ ಹನಿಗಳಲ್ಲಿ ಅವರು ಸರಾಸರಿ ಹಾಕಿಕೊಂಡದ್ದು ಶೇ. 71ರಷ್ಟು ಮಾತ್ರ. ದುಡ್ಡೊಂದೇ ಅಡ್ಡಿಯಲ್ಲ ಎಂದಾಯಿತು.

ಜಾನ್ಸ್ ಹಾಪ್ಕಿನ್ಸ್‌ ತಜ್ಞರು ಹನಿ ತಪ್ಪಿಸುವವರಿಗೆ ಸ್ವಯಂಚಾಲಿತ ಕರೆ, ಎಸ್ಸೆಮ್ಮೆಸ್ ಕಳಿಸಿ ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶ: ಹನಿ ಹಾಕಿಕೊಳ್ಳುವ ಪ್ರಮಾಣದಲ್ಲಿ ಶೇ. 53ರಿಂದ 64ಕ್ಕೆ ಏರಿಕೆ. ದೊಡ್ಡ ಜಿಗಿತವೇನಲ್ಲ, ನಿಜ.

ಆದರೂ ನಮ್ಮ ಕಣ್ಣಾಸ್ಪತ್ರೆಗಳೂ ಕನ್ನಡದಲ್ಲೇ ಇಂಥ ಕರೆ ಮಾಡಬಹುದು. ದೃಷ್ಟಿ ಮಂದವಾದ ಅಜ್ಜಿಗೆ ಆ್ಯಪ್ ತೆರೆಯಲು ಹೇಳುವುದಕ್ಕಿಂತ ಅದು ಮೇಲು. ಹನಿ ಕಣ್ಣಿಗೆ ಬಿತ್ತೋ, ಕೆನ್ನೆಗಿಳಿಯಿತೋ ಎಂಬುದನ್ನು ಮಾತ್ರ ಮನೆಯವರೇ ನೋಡಬೇಕು.

– ಓರ್ವ ಓದುಗ, ಮೈಸೂರು